ತೆಳು ಉಪ್ಪುನೀರು

ನಮ್ಮಕ್ಕನಿಗೆ ರಕ್ತದಲ್ಲೇ ಜಂಬ. ಇದು ಬರಿ ಮಾತಿಗೆ ಹೇಳುತ್ತಿರುವುದಲ್ಲ. ಅವಳ ರಕ್ತದ ಗುಂಪು ಲಕ್ಷಕ್ಕೆ ಒಬ್ಬರಲ್ಲೋ ಇಬ್ಬರಲ್ಲೋ ಸಿಗುವಂಥದ್ದು. ನನ್ನದು ಬೀದಿಗೆ ಹತ್ತು ಜನಕ್ಕಿರುವಂಥದ್ದು. ಒಂದೇ ಹೊಟ್ಟೆಯಲ್ಲಿ ಹುಟ್ಟಿದ ಇಬ್ಬರಲ್ಲಿ ಇಷ್ಟು ವ್ಯತ್ಯಾಸ ಇರುವುದು ವಿಜ್ಞಾನಕ್ಕೆ ಸಹಜ, ಅಕ್ಕನಿಗೆ ಮಾತ್ರ ಅದು ದೇವರೇ ಬರೆದುಕೊಟ್ಟ ಸರ್ಟಿಫಿಕೇಟು. "ನಿಂದು ಸಂತೆ ರಕ್ತ ಕಣೇ, ಎಲ್ಲಿ ಬೇಕಾದ್ರೂ ಸಿಗತ್ತೆ" ಎಂದು ಬಂದವರ ಮುಂದೆಲ್ಲ ನಗುತ್ತಿದ್ದಳು. ನಾನೂ ಜೊತೆಗೆ ಹಲ್ಲು ಬಿಡುತ್ತಿದ್ದೆ. ಹನ್ನೊಂದು ವರ್ಷ ಹಾಗೆ ಹಲ್ಲು ಬಿಟ್ಟಿದ್ದೇನೆ.

ಹನ್ನೊಂದು ವರ್ಷ ಅಂದರೆ ನಾನು ಆ ಆಸ್ಪತ್ರೆಯ ರಕ್ತನಿಧಿಗೆ ಸೇರಿದಾಗಿನಿಂದ. ಅಕ್ಕ ಮೊದಲೇ ಅಲ್ಲಿದ್ದಳು, ಶೀತಲ ಕೋಣೆಯ ಮುಖ್ಯಸ್ಥೆಯಾಗಿ. ಅವಳ ಕೈಕೆಳಗೆ ನಾನು. ಮನೆಯಲ್ಲೂ ಅಷ್ಟೆ. ಅಮ್ಮ ತೀರಿಕೊಂಡ ಮೇಲೆ ಆ ಮನೆಯಲ್ಲಿ ಉಳಿದದ್ದು ನಾವಿಬ್ಬರೇ. ಅಕ್ಕನ ಗಂಡ ಬೇರೆಲ್ಲೋ ಬೇರೆ ಸಂಸಾರ ಹೂಡಿದ್ದ, ನನ್ನದು ಹೂಡುವ ಮಾತೇ ಬರಲಿಲ್ಲ. ಬೆಳಗ್ಗೆ ಒಂದೇ ಬಸ್ಸಿನಲ್ಲಿ ಹೋಗಿ, ಸಂಜೆ ಒಂದೇ ಬಸ್ಸಿನಲ್ಲಿ ಬರುತ್ತಿದ್ದೆವು. ಬಸ್ಸಿನಲ್ಲಿ ಕಿಟಕಿ ಪಕ್ಕ ಯಾವಾಗಲೂ ಅವಳಿಗೇ.

ಶೀತಲ ಕೋಣೆಯ ಕೆಲಸ ಇಷ್ಟು. ಅಪರೂಪದ ಗುಂಪಿನವರ ರಕ್ತವನ್ನು ಅವರು ಗಟ್ಟಿಮುಟ್ಟಾಗಿರುವಾಗಲೇ ತೆಗೆದು, ಸೊನ್ನೆಗಿಂತ ಎಂಬತ್ತು ಡಿಗ್ರಿ ಕೆಳಗೆ ಹೆಪ್ಪುಗಟ್ಟಿಸಿ ವರ್ಷಗಟ್ಟಲೆ ಇಡುವುದು. ಬೇಕಾದಾಗ ಕರಗಿಸಿ, ತೊಳೆದು ಕೊಡುವುದು. ಹಾಗೇ ಹೆಪ್ಪುಗಟ್ಟಿಸಿದರೆ ಮಂಜಿನ ಚೂರು ರಕ್ತಕಣವನ್ನು ಸೀಳಿಹಾಕುತ್ತದೆ. ಅದಕ್ಕೆ ಮೊದಲು ಗ್ಲಿಸರಿನ್ ಕುಡಿಸಬೇಕು. ಕರಗಿಸಿದ ಮೇಲೆ ಅದೇ ಗ್ಲಿಸರಿನ್ ಅನ್ನು ಹೊರಗೆ ಬರಿಸಬೇಕು. ಕಷ್ಟ ಇರುವುದು ಅಲ್ಲೇ.

ಹೊಸಬರಿಗೆ ಅಕ್ಕ ಪಾಠ ಮಾಡುವಾಗ ನಾನು ಮೂಲೆಯಲ್ಲಿ ಬಾಟಲಿ ಒರೆಸುತ್ತಾ ಕೇಳುತ್ತಿದ್ದೆ. ಚೆನ್ನಾಗಿ ಮಾಡುತ್ತಿದ್ದಳು, ಸುಳ್ಳು ಹೇಳಬಾರದು. ರಕ್ತಕಣದ ಸುತ್ತ ಒಂದು ಪೊರೆ. ಹತ್ತು ಹದಿನೈದು ಸಾವಿರ ಪೊರೆಗಳನ್ನು ಒಂದರ ಮೇಲೊಂದು ಪೇರಿಸಿದರೆ ಒಂದು ಕಾಗದದ ದಪ್ಪ ಆದೀತು. ಎರಡು ಸಾಲು ಕೊಬ್ಬಿನ ಕಣಗಳು. ಪ್ರತಿಯೊಂದಕ್ಕೂ ಒಂದು ತಲೆ, ಎರಡು ಬಾಲ. ತಲೆಗೆ ನೀರೆಂದರೆ ಇಷ್ಟ, ಬಾಲಕ್ಕೆ ನೀರೆಂದರೆ ಆಗದು. ಆದ್ದರಿಂದ ಒಂದು ಸಾಲು ಹೊರಗಿನ ನೀರಿಗೆ ಮುಖ ಕೊಟ್ಟು, ಇನ್ನೊಂದು ಸಾಲು ಒಳಗಿನ ನೀರಿಗೆ ಮುಖ ಕೊಟ್ಟು, ಬಾಲಗಳನ್ನೆಲ್ಲ ನಡುವೆ ಬಚ್ಚಿಟ್ಟುಕೊಂಡು ನಿಂತಿರುತ್ತವೆ. ಯಾರೂ ಅಂಟು ಹಾಕಿಲ್ಲ, ಹೊಲಿಗೆ ಹಾಕಿಲ್ಲ. ನೀರಿನ ಮೇಲಿನ ಹೇವರಿಕೆಯೊಂದೇ ಅವನ್ನು ಒಟ್ಟಿಗೆ ಹಿಡಿದಿರುವುದು. ಇದನ್ನು ಕೇಳಿದಾಗಲೆಲ್ಲ ನನಗೆ ನಮ್ಮ ಮನೆ ನೆನಪಾಗುತ್ತಿತ್ತು.

"ಪೊರೆ ಅಂದ್ರೆ ಗೋಡೆ ಅಲ್ಲ" ಎನ್ನುತ್ತಿದ್ದಳು ಅಕ್ಕ. "ಅದು ಬಾಗಿಲು ಕಾಯೋಳು. ನೀರು ಬಂದ್ರೆ ಥಟ್ ಅಂತ ಒಳಗೆ ಬಿಡತ್ತೆ, ಅದಕ್ಕೇ ಅಂತ ಸಣ್ಣ ಸಣ್ಣ ಕೊಳವೆ ಇಟ್ಕೊಂಡಿದೆ. ಗ್ಲಿಸರಿನ್ ಬಂದ್ರೆ ನಿಧಾನ. ಉಪ್ಪಿಗೆ ಹೆಚ್ಚುಕಮ್ಮಿ ಬಾಗಿಲೇ ಇಲ್ಲ. ಈಗ ಹೇಳಿ, ಗ್ಲಿಸರಿನ್ ತುಂಬಿರೋ ಕಣಾನ ತೆಳು ನೀರಿಗೆ ಹಾಕಿದ್ರೆ ಏನಾಗತ್ತೆ?"

ಆಗುವುದಿಷ್ಟು. ಒಳಗಿನ ಗ್ಲಿಸರಿನ್ ಹೊರಡಲು ಚಪ್ಪಲಿ ಹುಡುಕುವಷ್ಟರಲ್ಲಿ ಹೊರಗಿನ ನೀರು ನುಗ್ಗಿಬಿಡುತ್ತದೆ. ಕಣ ಊದಿಕೊಂಡು ಪಟ್ಟೆಂದು ಒಡೆಯುತ್ತದೆ. ಅದಕ್ಕೇ ಮೊದಲು ಗಟ್ಟಿ ಉಪ್ಪುನೀರು ಹಾಕಬೇಕು. ಹೊರಗಿನ ಉಪ್ಪು ನೀರನ್ನು ಜಗ್ಗಿ ಹಿಡಿದಿರುವಾಗ ಗ್ಲಿಸರಿನ್ ತನ್ನ ಪಾಡಿಗೆ ಹೊರಬರುತ್ತದೆ. ಆಮೇಲೆ ನಡುಹದದ್ದು, ಕೊನೆಗೆ ಮೈಯ ಹದದ್ದು. ಮೂರು ನೀರು. ಮೊದಲನೆಯದು ಕೆಟ್ಟರೆ ಮುಂದಿನದೆಲ್ಲ ನೀರಲ್ಲಿ ಹೋಮ.

ಆ ಮೂರೂ ನೀರನ್ನು ತಯಾರಿಸುತ್ತಿದ್ದವಳು ಅಕ್ಕ ಒಬ್ಬಳೇ, ಒಳಕೋಣೆಯ ಬಾಗಿಲು ಹಾಕಿಕೊಂಡು. ಅವಳ ಬಳಕೆಯ ಬಾಟಲಿಗಳು ಅವಳ ಬೀರುವಿನಲ್ಲಿ, ಬೀಗ ಹಾಕಿ. ನಮ್ಮೆಲ್ಲರ ಬಳಕೆಯವು ಹೊರಗಿನ ಕಪಾಟಿನಲ್ಲಿ. "ನನ್ನ ಬಾಟಲಿಗೆ ಕಂಡಕಂಡವರ ಕೈ ತಾಗಬಾರ್ದು, ಕ್ರಿಮಿ ಹತ್ತತ್ತೆ" ಎನ್ನುತ್ತಿದ್ದಳು. ಹನ್ನೊಂದು ವರ್ಷದಲ್ಲಿ ಅವಳು ತೊಳೆದ ಚೀಲ ಒಂದೂ ಕೆಟ್ಟಿದ್ದಿಲ್ಲ. ನಾವು ತೊಳೆದದ್ದು ಎರಡಕ್ಕೊಂದು ಕೆಂಪಾಗುತ್ತಿತ್ತು. ನನ್ನದು ಹೆಚ್ಚು. ನನಗೆ "ಕೆಂಪುಕೈ" ಎಂದು ಹೆಸರಿಟ್ಟವಳು ಅಕ್ಕ. ರಕ್ತನಿಧಿಯ ಸಾಹೇಬರಿಂದ ಹಿಡಿದು ನೆಲ ಒರೆಸುವವಳವರೆಗೆ ಎಲ್ಲರ ಬಾಯಲ್ಲೂ ಅದೇ ನಿಂತಿತು.

ಒಡೆದ ರಕ್ತ ನೋಡಲು ಬಲು ಚೆಂದ, ಗೊತ್ತೇ? ಚೆನ್ನಾಗಿರುವ ರಕ್ತ ಮಬ್ಬಾಗಿರುತ್ತದೆ. ಒಡೆದದ್ದು ಗಾಜಿನ ಹಾಗೆ ತಿಳಿಯಾಗಿಬಿಡುತ್ತದೆ. ಹಿಂದೆ ಕಾಗದ ಹಿಡಿದರೆ ಅಕ್ಷರ ಓದಬಹುದು. ಅಷ್ಟು ಚೆಂದದ ವಸ್ತುವನ್ನು ಸಿಂಕಿಗೆ ಸುರಿಯಬೇಕು.

ಎರಡು ವರ್ಷದ ಹಿಂದೆ ಒಬ್ಬ ದರ್ಜಿಯ ಹೆಂಡತಿಗೆ ಹೆರಿಗೆಯಲ್ಲಿ ರಕ್ತ ಹೋಗುತ್ತಿತ್ತು. ಅವಳ ಗುಂಪಿನ ಚೀಲ ಇದ್ದದ್ದು ಒಂದೇ. ಅಕ್ಕ ಕೈಕಟ್ಟಿ ನಿಂತು, "ತೊಳಿ, ನೀನೂ ಕಲೀಬೇಕಲ್ಲ" ಎಂದಳು. ನಾನು ತೊಳೆದೆ. ಕೆಂಪಾಯಿತು. ಬಾಗಿಲ ಹೊರಗೆ ಟೇಪು ಕೊರಳಲ್ಲೇ ಇದ್ದ ದರ್ಜಿಗೆ ಅಕ್ಕ ಹೇಳಿದಳು, "ನಾನೇ ಮಾಡ್ಬೇಕಿತ್ತು ಕಣಪ್ಪಾ. ಇವಳ ಕೈ ಸರಿ ಇಲ್ಲ." ಅವನು ನನ್ನನ್ನು ಬೈಯಲಿಲ್ಲ. ನನ್ನ ಕೈಯನ್ನು ನೋಡಿದ, ಎಡಗೈ, ಆಮೇಲೆ ಬಲಗೈ. ಹೆಂಗಸು ಉಳಿಯಲಿಲ್ಲ. ಆಮೇಲೆ ಎಷ್ಟೋ ದಿನ ನಾನು ಊಟದ ತಟ್ಟೆಗೆ ಕೈ ಹಾಕಲಾರದೆ ಚಮಚದಲ್ಲಿ ತಿಂದೆ. ಅದಕ್ಕೂ ಅಕ್ಕ ನಕ್ಕಳು.

ಸತ್ಯ ಗೊತ್ತಾದದ್ದು ಏಳು ತಿಂಗಳ ಹಿಂದೆ, ಅದೂ ಒರೆಸುವ ಬಟ್ಟೆಯಿಂದ. ಒಂದು ಶನಿವಾರ ಅವಳ ಬಾಟಲಿಯಿಂದ ಒಂದಿಷ್ಟು, ನಮ್ಮ ಬಾಟಲಿಯಿಂದ ಒಂದಿಷ್ಟು ಮೇಜಿನ ಮೇಲೆ ಚೆಲ್ಲಿತ್ತು. ಎರಡೂ ಮೊದಲನೆಯ ನೀರೇ, ಗಟ್ಟಿಯದು. ನಾನು ಒರೆಸಲು ಮರೆತಿದ್ದೆ. ಸೋಮವಾರ ಬಂದು ನೋಡಿದರೆ, ಅವಳ ನೀರು ಒಣಗಿದ ಕಡೆ ಬಿಳಿ ಹರಳು ದಪ್ಪಗೆ ಕೂತಿತ್ತು. ನಮ್ಮದರ ಕಡೆ ಅದರ ಅರ್ಧವೂ ಇರಲಿಲ್ಲ. ಉಗುರಲ್ಲಿ ಕೆರೆದು ನೋಡಿದೆ. ಆಮೇಲೆ ಅಕ್ಕ ಬೀರು ತೆರೆದಿಟ್ಟು ಆಚೆ ಹೋದಾಗ ಎರಡು ಬಾಟಲಿಯಿಂದಲೂ ಒಂದೊಂದು ಲೋಟ ತೆಗೆದು ತೂಗಿದೆ. ಹನ್ನೊಂದು ವರ್ಷ ಅವಳು ನಮಗೆ ಅರ್ಧಕ್ಕೆ ಅರ್ಧ ನೀರು ಬೆರೆಸಿದ್ದನ್ನು ಕೊಟ್ಟಿದ್ದಳು.

ಕೈ ಸರಿಯಿಲ್ಲದ್ದಲ್ಲ. ನನ್ನ ಕೈ ಯಾವತ್ತೂ ಸರಿಯಾಗೇ ಇತ್ತು.

ಆಗಲೇ ಹೋಗಿ ಸಾಹೇಬರಿಗೆ ಹೇಳಬಹುದಿತ್ತು. ಹೇಳಲಿಲ್ಲ. ಕೆಂಪುಕೈಯ ಮಾತು ಯಾರು ನಂಬುತ್ತಾರೆ ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ, ಆದರೆ ನಿಜ ಅದಲ್ಲ. ಅವಳು ಸಿಕ್ಕಿಬೀಳುವುದು ನನಗೆ ಸಾಲದಾಗಿತ್ತು. ಅವಳ ಕೈಯಲ್ಲಿ ಚೀಲ ಕೆಂಪಾಗಬೇಕು, ಹತ್ತು ಜನ ನೋಡಬೇಕು, ಏಕೆ ಅಂತ ಅವಳಿಗೇ ತಿಳಿಯದೆ ಅವಳು ತನ್ನ ಕೈಯನ್ನು ತಾನೇ ನೋಡಿಕೊಳ್ಳಬೇಕು. ಅಷ್ಟು ಆಸೆ ನನಗೆ.

ಅವಕಾಶವೂ ಬಂತು. ಹೊರಗಿನಿಂದ ತಪಾಸಣೆಯ ತಂಡ ಬರುವುದೆಂದು ಗೊತ್ತಾಯಿತು. ಬೇಡವಾದ ಒಂದು ಹಳೇ ಚೀಲವನ್ನು ಅಕ್ಕ ಅವರ ಕಣ್ಣೆದುರಿಗೇ ತೊಳೆದು ತೋರಿಸಬೇಕು. ಬೀರುವಿನ ಬೀಗದ ಕೈ ಮನೆಯ ಗೊಂಚಲಲ್ಲೇ ಇರುತ್ತಿತ್ತು. ಅವಳು ಸ್ನಾನಕ್ಕೆ ಹೋದ ಒಂದು ಭಾನುವಾರ ಗೊಂಚಲು ಎತ್ತಿಕೊಂಡು, ತರಕಾರಿಗೆಂದು ಹೇಳಿ ಆಸ್ಪತ್ರೆಗೆ ಹೋದೆ. ಬಾಟಲಿಗಳೆಲ್ಲ ಒಂದೇ ಥರದವು. ಅವಳವಕ್ಕೆ ಮುಚ್ಚಳದ ಮೇಲೆ ಒಂದು ಗೀರು, ಅಷ್ಟೆ. ಮೊದಲನೆಯ ನೀರಿನ ಬಾಟಲಿಗಳನ್ನು ಅದಲುಬದಲು ಮಾಡಿ, ಮುಚ್ಚಳವನ್ನೂ ಬದಲಿಸಿದೆ. ಅವಳ ಗಟ್ಟಿ ನೀರು ಹೊರಗಿನ ಕಪಾಟಿಗೆ ಬಂತು, ನಮ್ಮ ತೆಳು ನೀರು ಅವಳ ಬೀರುವಿಗೆ ಹೋಯಿತು. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಅರ್ಧ ಹದದ ನೀರಿನಲ್ಲಿ ಚೀಲ ಒಮ್ಮೊಮ್ಮೆ ಉಳಿದುಬಿಡುತ್ತದೆ. ಉಳಿಯಬಾರದು ಅಂತ ಬೀರುವಿಗೆ ಹೋಗುವ ಬಾಟಲಿಯಿಂದ ಅರ್ಧ ಚೆಲ್ಲಿ, ಅಷ್ಟೇ ಬರಿನೀರು ತುಂಬಿಸಿದೆ. ಆಮೇಲೆ ನೆನಪಿಟ್ಟು ತರಕಾರಿ ಕೊಂಡು ಮನೆಗೆ ಬಂದೆ.

ಇನ್ನೊಂದು ವಿಷಯ ಹೇಳಬೇಕು. ಅಕ್ಕನ ಗರ್ಭಕೋಶದಲ್ಲಿ ಗಡ್ಡೆ ಇತ್ತು. ಶಸ್ತ್ರಚಿಕಿತ್ಸೆಗೆ ಮುಂದಿನ ತಿಂಗಳ ದಿನ ಗೊತ್ತಾಗಿತ್ತು. ಅದಕ್ಕೆಂದು ಎರಡು ವರ್ಷದಿಂದ ತನ್ನ ರಕ್ತವನ್ನೇ ತೆಗೆಸಿ ನಾಲ್ಕು ಚೀಲ ಹೆಪ್ಪುಗಟ್ಟಿಸಿ ಇಟ್ಟಿದ್ದಳು. ಅದನ್ನು ಹಿಂದಿನ ದಿನ ತಾನೇ ತೊಳೆದುಕೊಳ್ಳುವವಳಿದ್ದಳು. ಅಷ್ಟರಲ್ಲಿ ತಪಾಸಣೆ ಮುಗಿದಿರುತ್ತದೆ, ಮುಗಿದ ಕೂಡಲೆ ಬಾಟಲಿಗಳನ್ನು ಸರಿಮಾಡುತ್ತೇನೆ ಅಂತ ನನ್ನ ಲೆಕ್ಕ. ಅವಳನ್ನು ಕೊಲ್ಲುವ ಯೋಚನೆ ನನಗಿರಲಿಲ್ಲ. ಅವಳ ಮುಖಕ್ಕೆ ಮಸಿ ಬಳಿಯುವ ಯೋಚನೆ ಮಾತ್ರ ಇತ್ತು.

ತಪಾಸಣೆಗೆ ನಾಲ್ಕು ದಿನ ಬಾಕಿ ಇರುವಾಗ, ಗುರುವಾರ ಬೆಳಗ್ಗೆ ಅಕ್ಕ ತಲೆ ಸುತ್ತುತ್ತಿದೆ, ಆಮೇಲೆ ಬರುತ್ತೇನೆ ಅಂದಳು. ನಾನು ಮುಂದೆ ಹೋದೆ. ಮೊದಲ ಸಲ ಕಿಟಕಿ ಪಕ್ಕ ಕೂತೆ. ಹತ್ತು ಗಂಟೆಗೆ ಪಕ್ಕದ ಮನೆಯವರು ಅವಳನ್ನು ಕಾರಿನಲ್ಲಿ ಕರೆತಂದರು. ಬಚ್ಚಲಲ್ಲಿ ಬಿದ್ದಿದ್ದಳಂತೆ. ಸೀರೆಯೆಲ್ಲ ರಕ್ತ. ಗಡ್ಡೆಯಿಂದ ಶುರುವಾದ ಸ್ರಾವ ನಿಲ್ಲುತ್ತಲೇ ಇರಲಿಲ್ಲ.

ಶಸ್ತ್ರಚಿಕಿತ್ಸೆಯ ಡಾಕ್ಟರಮ್ಮ ನನ್ನನ್ನು ಓಣಿಯಲ್ಲೇ ಹಿಡಿದರು. "ಗರ್ಭಕೋಶ ತೆಗೀಲೇಬೇಕು. ಬೇರೆ ಯಾರ ರಕ್ತಾನೂ ಇವರಿಗೆ ಆಗಲ್ಲ ಅಂತ ನಿಮಗೇ ಗೊತ್ತು. ಆ ನಾಲ್ಕು ಚೀಲ ಬೇಕು. ಎಷ್ಟು ಹೊತ್ತು?"

"ಒಂದೊಂದಾಗಿ ತೊಳೆದರೆ ಇಡೀ ದಿನ ಬೇಕು, ಡಾಕ್ಟ್ರೇ."

"ಒಂದೊಂದಾಗಿ ಯಾಕೆ? ಒಟ್ಟಿಗೆ ಮಾಡಿ. ಒಂದೂವರೆ ಗಂಟೆ ಕೊಡ್ತೀನಿ. ಅದಕ್ಕಿಂತ ತಡ ಆದ್ರೆ ನೀವು ತರೋದೇ ಬೇಡ."

ಒಂದೊಂದಾಗಿ ಎನ್ನುವುದು ಅಕ್ಕನ ನಿಯಮ. ಮೊದಲ ಚೀಲ ಸರಿ ಬಂತೆಂದು ನೋಡಿಯೇ ಎರಡನೆಯದನ್ನು ಮುಟ್ಟಬೇಕು. ಅವಳ ನಿಯಮಗಳನ್ನು ಕಂಡರೇ ನನಗೆ ಮೈಯುರಿ, ಅವುಗಳಲ್ಲಿ ಈ ನಿಯಮ ಸರಿಯಾದದ್ದು ಅಂತ ಆ ಹೊತ್ತಿಗೆ ಹೊಳೆಯಲಿಲ್ಲ.

ಅಕ್ಕ ತಳ್ಳುಮಂಚದ ಮೇಲೆ ಸುಣ್ಣದ ಗೋಡೆಯಷ್ಟು ಬೆಳ್ಳಗೆ ಮಲಗಿದ್ದಳು. ನನ್ನನ್ನು ಕಂಡು ಬೆರಳಾಡಿಸಿ ಕರೆದಳು. ಬಗ್ಗಿದೆ.

"ನನ್ನ ಬೀರು ತೆಗಿ" ಎಂದು ಸೊಂಟದ ಗೊಂಚಲನ್ನು ನನ್ನ ಕೈಗಿಟ್ಟಳು. "ಅದರೊಳಗಿನ ಬಾಟಲಿ ತಗೋ. ಹೊರಗಿನ ಕಪಾಟಿಂದು ಮುಟ್ಬೇಡ. ಕೇಳಿಸ್ತಾ?"

ಕೇಳಿಸಿತು. ಮನಸ್ಸಿನಲ್ಲೇ ಅಂದುಕೊಂಡೆ, ಅಯ್ಯೋ ಹುಚ್ಚಿ, ನಿನ್ನ ಬೀರುವಿನಲ್ಲಿರುವುದು ನೀರಿಗಿಂತ ಸ್ವಲ್ಪ ಮೇಲು ಅಷ್ಟೆ, ಅದನ್ನು ಹಾಕಿದರೆ ನೀನು ಇವತ್ತೇ ಹೋಗುತ್ತೀಯ. ಅವಳ ಪ್ರಾಣ ನನಗೆ ಗೊತ್ತಿದ್ದ ಒಂದು ಮಾತಿನ ಮೇಲೆ ನಿಂತಿದೆ ಅನ್ನಿಸಿತು. ಖುಷಿಯಾಯಿತು. ಹೌದು, ಅಕ್ಕ ರಕ್ತ ಸೋರುತ್ತಾ ಮಲಗಿರುವಾಗ ನನಗೆ ಖುಷಿಯಾಯಿತು, ಮುಚ್ಚಿಡುವುದೇನು? ಇವಳನ್ನು ನನ್ನ ಕೈಯಲ್ಲೇ ಉಳಿಸುತ್ತೇನೆ, ಜೀವನಪೂರ್ತಿ ಎತ್ತಿ ಆಡುತ್ತೇನೆ ಅಂದುಕೊಂಡೆ.

"ಬಾಟಲಿ ಬದಲಾಯಿಸಿದ್ದೀನಿ ಅಕ್ಕ" ಅಂತ ಒಂದು ಮಾತು ಹೇಳಲು ಎಷ್ಟು ಹೊತ್ತು ಬೇಕಿತ್ತು? ನಾಲಿಗೆಯ ತುದಿಯವರೆಗೆ ಬಂತು. ಹೇಳಿದರೆ ಅವಳಿಗೆ ಅಲ್ಲೇ ಗೆಲುವು. ಹೇಳಲಿಲ್ಲ.

"ಹೂಂ ಅಕ್ಕ" ಎಂದೆ.

ಬಿಸಿನೀರಿನ ತೊಟ್ಟಿಯಲ್ಲಿ ಒಮ್ಮೆಗೆ ಮೂರೇ ಚೀಲ ಹಿಡಿಯುವುದು. ಮೂರನ್ನು ಇಳಿಬಿಟ್ಟು ಕರಗಿಸಿದೆ. ಹೊರಗಿನ ಕಪಾಟಿನಿಂದ ಮೊದಲನೆಯ ನೀರಿನ ಬಾಟಲಿ ತೆಗೆದೆ, ಗೀರಿಲ್ಲದ ಮುಚ್ಚಳದ್ದು. ಮೂರೂ ಚೀಲಗಳಿಗೆ ನಿಧಾನವಾಗಿ ಬಿಟ್ಟೆ, ಅಲುಗಾಡಿಸುವ ಯಂತ್ರದ ಮೇಲೆ ಇಟ್ಟು ಮುಚ್ಚಿದೆ. ಐದು ನಿಮಿಷ ಕಾದೆ. ಆಪರೇಷನ್ ಕೋಣೆಯಿಂದ ಎರಡು ಸಲ ಫೋನು ಬಂತು. ನಡುಹದದ ನೀರು ಹಾಕಿದೆ. ನನ್ನ ಕೈ ಒಂದಿಷ್ಟೂ ನಡುಗಲಿಲ್ಲ. ಅಷ್ಟು ಚೊಕ್ಕವಾಗಿ ನಾನು ಯಾವತ್ತೂ ಕೆಲಸ ಮಾಡಿರಲಿಲ್ಲ. ಚೀಲಗಳನ್ನು ಗಿರಗಿರನೆ ತಿರುಗಿಸುವ ಯಂತ್ರಕ್ಕೆ ಹಾಕಿ ಮುಚ್ಚಳ ಒತ್ತಿದೆ. ರಕ್ತಕಣ ತಳಕ್ಕೆ ಕೂತು ಮೇಲೆ ತಿಳಿ ನಿಲ್ಲಬೇಕು.

ಮುಚ್ಚಳ ತೆಗೆದಾಗ ತಳದಲ್ಲಿ ಏನೂ ಕೂತಿರಲಿಲ್ಲ.

ಮೊದಲ ಚೀಲವನ್ನು ಬೆಳಕಿಗೆ ಹಿಡಿದೆ. ಗಾಜಿನಷ್ಟು ತಿಳಿ, ಕಡುಗೆಂಪು. ಅದರ ಹಿಂದೆ ಗೋಡೆಯ ಮೇಲಿನ ಗಡಿಯಾರ ಕಾಣುತ್ತಿತ್ತು, ಮುಳ್ಳುಗಳ ಸಮೇತ. ಎರಡನೆಯದೂ ಹಾಗೇ. ಮೂರನೆಯದನ್ನು ಎತ್ತುವ ಧೈರ್ಯ ಆಗದೆ ಸ್ವಲ್ಪ ಹೊತ್ತು ಹಾಗೇ ಬಿಟ್ಟೆ.

ಬಾಟಲಿಯಲ್ಲಿ ಉಳಿದ ನೀರಿಗೆ ಬೆರಳದ್ದಿ ನಾಲಿಗೆಗೆ ಮುಟ್ಟಿಸಿದೆ. ಕಣ್ಣೀರಿಗಿಂತ ಒಂಚೂರು ಹೆಚ್ಚು ಉಪ್ಪು, ಅಷ್ಟೆ. ನಾನೇ ಭಾನುವಾರ ಬೆರೆಸಿದ ನೀರು. ಬೀರು ತೆಗೆದು ಒಳಗಿನ ಬಾಟಲಿಯದ್ದನ್ನು ಮುಟ್ಟಿಸಿದೆ. ಕಹಿಯಾಗುವಷ್ಟು ಉಪ್ಪು.

ಅಕ್ಕ ಕಂಡುಹಿಡಿದಿದ್ದಳು. ಯಾವಾಗಲೋ ಒಂದು ದಿನ ಬಾಟಲಿ ತೆರೆದಾಗ ಬೆರಳಿಗೆ ತಗುಲಿದ ಹನಿಯಲ್ಲೇ ತಿಳಿದಿರಬೇಕು. ಕೂಗಾಡಲಿಲ್ಲ, ಕೇಳಲಿಲ್ಲ. ಬಾಟಲಿಗಳನ್ನು ಮತ್ತೆ ಅದಲುಬದಲು ಮಾಡಿ, ಮುಚ್ಚಳ ಹಾಕಿ, ಸಂಜೆ ನನ್ನ ಜೊತೆ ಬಸ್ಸಿನಲ್ಲಿ ಮನೆಗೆ ಬಂದಿದ್ದಳು. ನಾನು ನೀರು ಕೂಡಿಸಿದ ಬಾಟಲಿಯನ್ನು ಚೆಲ್ಲಲೂ ಇಲ್ಲ. ಹೊರಗಿನ ಕಪಾಟಿನಲ್ಲಿ ನನ್ನ ಕೈಗೆ ಸಿಗುವ ಹಾಗೆ ಇಟ್ಟಳು. ಮುಂದಿನ ಸಲ ನಾನು ತೊಳೆಯುವ ಚೀಲ ಹಿಂದೆಂದೂ ಕೆಂಪಾಗದಷ್ಟು ಕೆಂಪಾಗಲಿ ಅಂತ. ಮುಂದಿನ ಚೀಲ ತನ್ನದೇ ಆದೀತು ಅಂತ ಅವಳಿಗೆ ಹೊಳೆದಿರಲಿಲ್ಲ.

ಬೀರುವಿನೊಳಗಿನದು ತಗೋ ಅಂದಾಗ ಅವಳು ಹೇಳಿದ್ದು ನಿಜವನ್ನೇ. ಇಷ್ಟು ವರ್ಷಗಳಲ್ಲಿ ಆ ನೀರಿನ ಬಗ್ಗೆ ಅವಳು ನನಗೆ ಹೇಳಿದ ಮೊದಲ ನಿಜ.

ನಾಲ್ಕನೆಯ ಚೀಲವನ್ನು ಕರಗಿಸಿದೆ. ಬೀರುವಿನ ನೀರು ಹಾಕಿದೆ, ಕಾದೆ, ಉಳಿದೆರಡು ನೀರನ್ನೂ ಹಾಕಿ ತಿರುಗಿಸಿದೆ. ತಳದಲ್ಲಿ ರಕ್ತ ದಪ್ಪಗೆ, ಮಬ್ಬಾಗಿ ಕೂತಿತ್ತು. ಮೇಲಿನ ತಿಳಿಯಲ್ಲಿ ಕೆಂಪಿನ ಸುಳಿವೂ ಹೆಚ್ಚಿರಲಿಲ್ಲ. ಹನ್ನೊಂದು ವರ್ಷದಲ್ಲಿ ನಾನು ತೊಳೆದ ಅತಿ ಒಳ್ಳೆಯ ಚೀಲ ಅದು. ಅದನ್ನು ಎದೆಗವಚಿಕೊಂಡು ಮೆಟ್ಟಿಲು ಹತ್ತಿ ಓಡಿದೆ. ಡಾಕ್ಟರಮ್ಮ ಕೊಟ್ಟ ಗಡುವು ಮುಗಿದು ಇಪ್ಪತ್ತು ನಿಮಿಷ ಆಗಿತ್ತು.

ಅಕ್ಕನಿಗೆ ಇನ್ನೂ ಅರಿವಳಿಕೆ ಕೊಟ್ಟಿರಲಿಲ್ಲ. ರಕ್ತಕ್ಕಾಗಿ ಕಾಯುತ್ತಿದ್ದರು. ನನ್ನ ಕೈಯಲ್ಲಿ ಒಂದೇ ಚೀಲ ನೋಡಿ ಡಾಕ್ಟರಮ್ಮನ ಮುಖ ಇಳಿಯಿತು. ಅದನ್ನು ಕಿತ್ತುಕೊಂಡು ಒಳಗೆ ಹೋದರು. ಅಕ್ಕ ತಲೆ ಹೊರಳಿಸಿದಳು.

"ಎಷ್ಟು?"

"ಒಂದು."

ಅವಳ ತುಟಿ ಒಣಗಿ ಹಲ್ಲಿಗೆ ಅಂಟಿಕೊಂಡಿತ್ತು. ಬಿಡಿಸಿಕೊಂಡು ಹೇಳಿದಳು, "ಒಳಗಿಂದು ತಗೋ ಅಂದಿದ್ನಲ್ಲೇ."

"ನೀನು ಹೇಳಿದೆ ಅಂತಲೇ ತಗೊಳ್ಲಿಲ್ಲ" ಎಂದೆ.

ಸಾಯುತ್ತಿರುವವಳಿಗೆ ಹೇಳುವ ಮಾತೇ ಅದು? ಆದರೆ ಬಾಯಿಗೆ ಬಂದದ್ದು ಅದೇ, ಮತ್ತು ಅದು ನಿಜವಾಗಿತ್ತು. ಅವಳನ್ನು ಒಳಗೆ ತಳ್ಳಿಕೊಂಡು ಹೋದರು.

ಸಾಯಲಿಲ್ಲ. ನಾಲ್ಕು ಚೀಲದ ಕೆಲಸವನ್ನು ಒಂದರಲ್ಲಿ ಮಾಡಿ ಮುಗಿಸಿದರು. ಆದರೆ ರಕ್ತದ ಒತ್ತಡ ಗಂಟೆಗಟ್ಟಲೆ ಪಾತಾಳದಲ್ಲೇ ಇತ್ತಂತೆ. ಮೂತ್ರಪಿಂಡಗಳಿಗೆ ರಕ್ತ ಸಾಲದೆ ಎರಡೂ ಕೈಕೊಟ್ಟವು. ಕೆಲವು ವಾರಗಳಲ್ಲಿ ಚೇತರಿಸಿಕೊಂಡಾವು ಎಂದರು. ಮೂರು ತಿಂಗಳಾಯಿತು, ಚೇತರಿಸಿಕೊಳ್ಳಲಿಲ್ಲ. ಇನ್ನು ಆಸೆ ಬೇಡ ಅಂತ ಮೊನ್ನೆ ಹೇಳಿದರು. ಬೇರೆಯವರ ಮೂತ್ರಪಿಂಡ ಕೂಡಿಸೋಣವೆಂದರೆ ಅವಳ ಗುಂಪಿಗೆ ಹೊಂದುವವರು ಎಲ್ಲಿ ಸಿಗಬೇಕು? ವಾರಕ್ಕೆ ಮೂರು ದಿನ, ದಿನಕ್ಕೆ ನಾಲ್ಕು ಗಂಟೆ ಡಯಾಲಿಸಿಸ್. ಒಂದು ಕೊಳವೆ, ಅದರೊಳಗೆ ಕೂದಲಿಗಿಂತ ತುಸು ದಪ್ಪದ ಸಾವಿರಾರು ಟೊಳ್ಳು ಎಳೆಗಳು, ಪ್ರತಿ ಎಳೆಯ ಗೋಡೆಯೂ ಒಂದು ಪೊರೆ. ಒಳಗೆ ಅಕ್ಕನ ರಕ್ತ ಹರಿಯುತ್ತದೆ, ಹೊರಗೆ ಹದವಾದ ಉಪ್ಪುನೀರು. ಆದರೆ ಇದು ಕಾರ್ಖಾನೆಯಲ್ಲಿ ಮಾಡಿದ ಪೊರೆ. ಜೀವಂತ ಪೊರೆಗೆ ಬೇಕು ಬೇಡ ಗೊತ್ತು. ಇದಕ್ಕೆ ತೂತಿನ ಅಳತೆ ಮಾತ್ರ ಗೊತ್ತು, ತೂರಿದ್ದನ್ನೆಲ್ಲ ಬಿಟ್ಟುಕೊಡುತ್ತದೆ. ಅಕ್ಕ ಪ್ರತಿ ಸಲವೂ ಅದರಿಂದ ಎದ್ದಾಗ ಹಿಂಡಿದ ಬಟ್ಟೆಯ ಹಾಗಿರುತ್ತಾಳೆ.

ಮೂರು ಚೀಲ ಹೇಗೆ ಕೆಟ್ಟವು ಅಂತ ಯಾರೂ ಕೇಳಲಿಲ್ಲ. ನಾನು ಉತ್ತರ ಕಟ್ಟಿಕೊಂಡು ಮೂರು ತಿಂಗಳು ಕಾದೆ. ನಿನ್ನೆ ರಕ್ತನಿಧಿಯ ಸಾಹೇಬರೇ ಡಯಾಲಿಸಿಸ್ ವಾರ್ಡಿಗೆ ಬಂದರು. ಅಕ್ಕ ಯಂತ್ರಕ್ಕೆ ಅಂಟಿಕೊಂಡಿದ್ದಳು, ನಾನು ಪಕ್ಕದ ಸ್ಟೂಲಿನ ಮೇಲಿದ್ದೆ.

"ಅಮ್ಮಾ, ನಿಮ್ಮ ಕೈ ನಿಮ್ಮದೇ" ಎಂದರು ಅಕ್ಕನಿಗೆ. "ಆ ಕೋಣೇಲಿ ನಿಮ್ಮಷ್ಟು ಚೆನ್ನಾಗಿ ಯಾರು ತೊಳೀತಾರೆ ಹೇಳಿ? ನಾನು ವರದಿಯಲ್ಲೂ ಹಾಗೇ ಬರೆದೆ. ನೀವಿಲ್ಲದೆ ನಾಲ್ಕೂ ಹೋಗ್ಬೇಕಿತ್ತು. ನಿಮ್ಮ ತಂಗಿ ಒಂದನ್ನಾದ್ರೂ ಉಳಿಸಿದ್ರಲ್ಲ, ಅದೇ ದೊಡ್ಡದು. ಇನ್ಮೇಲೆ ಕೋಣೆ ಇವರೇ ನೋಡ್ಕೊಳ್ತಾರೆ, ಆದೇಶ ಆಗಿದೆ. ನಿಮ್ಮ ಪ್ರಾಣ ಉಳಿಸಿದೋರು. ಒಂದು ಒಳ್ಳೇ ಮಾತು ಹೇಳಿ ಇವರಿಗೆ."

ಸಾಹೇಬರು ಕಾಯುತ್ತಾ ನಿಂತರು. ನಾನು ಅಕ್ಕನ ಮುಖ ನೋಡಲಿಲ್ಲ, ಅವಳ ಕೈ ನೋಡುತ್ತಿದ್ದೆ. ಅವಳು ಬಾಯಿ ಬಿಟ್ಟರೆ ನಾನು ಜೈಲಿಗೆ. ಆದರೆ ಬಾಯಿ ಬಿಡಬೇಕಾದರೆ ಆ ಬಾಟಲಿ ಎಲ್ಲಿಂದ ಬಂತು ಅಂತ ಹೇಳಬೇಕು, ಹನ್ನೊಂದು ವರ್ಷ ಸಿಂಕಿಗೆ ಸುರಿದ ಒಂದೊಂದು ಚೀಲದ ಹೆಸರು ಹೇಳಬೇಕು. ಅವಳು ಕಟ್ಟಿದ ಸುಳ್ಳು ಮೂರು ತಿಂಗಳಿಂದ ನನ್ನನ್ನು ಕಾಪಾಡುತ್ತಿತ್ತು.

"ಹೌದು ಸಾರ್" ಎಂದಳು ಅಕ್ಕ. ದನಿ ನಯವಾಗಿತ್ತು. "ಇವಳಿಲ್ಲದಿದ್ರೆ ನಾನೆಲ್ಲಿರ್ತಿದ್ದೆ? ಇವಳ ಋಣ ಹೇಗೆ ತೀರಿಸ್ಲಿ?"

ಸಾಹೇಬರು ಕಣ್ಣೊರೆಸಿಕೊಂಡು ಹೋದರು. ಯಂತ್ರ ತನ್ನ ಪಾಡಿಗೆ ತಿರುಗುತ್ತಿತ್ತು.

"ನಾನು ನೀರು ಬೆರೆಸ್ತಿದ್ದದ್ದು ನಿಂಗೆ ಯಾವತ್ತಿಂದ ಗೊತ್ತಿತ್ತು?" ಎಂದು ಅಕ್ಕ ಚಾವಣಿ ನೋಡುತ್ತಾ ಕೇಳಿದಳು. ಮೂರು ತಿಂಗಳಲ್ಲಿ ಅದರ ಬಗ್ಗೆ ನಾವು ಆಡಿದ ಮೊದಲ ಮಾತು.

"ನೀನು ಬೀಳೋಕೆ ನಾಲ್ಕು ತಿಂಗಳು ಮೊದಲು."

"ನಾಲ್ಕು ತಿಂಗಳಾ! ನೀನು ಬಾಟಲಿ ಬದಲಾಯಿಸಿದ್ದು ನಂಗೆ ಮಾರನೇ ದಿನವೇ ಗೊತ್ತಾಯ್ತು." ಆ ಸ್ಥಿತಿಯಲ್ಲೂ ಅವಳಿಗೆ ಅದೊಂದು ಹೆಚ್ಚುಗಾರಿಕೆ.

"ಗೊತ್ತಾದ್ಮೇಲೆ ಹೇಳ್ಬಹುದಿತ್ತಲ್ಲ ಅಕ್ಕ?"

"ನೀನೂ ಹೇಳ್ಬಹುದಿತ್ತು."

"ದರ್ಜಿ ಹೆಂಡ್ತಿ ಸತ್ತಿದ್ದು ನಿನ್ನಿಂದ" ಎಂದೆ.

"ನನ್ನ ಮೂತ್ರಪಿಂಡ ಹೋಗಿದ್ದು ನಿನ್ನಿಂದ" ಎಂದಳು.

ಅಷ್ಟರಲ್ಲಿ ನರ್ಸಮ್ಮ ಒಂದು ಕಾಗದ ಹಿಡಿದು ಬಂದಳು. ಇನ್ನು ಇದು ಕಾಯಂ ಚಿಕಿತ್ಸೆ, ಆದ್ದರಿಂದ ಹೊಸದಾಗಿ ನೋಂದಣಿ ಮಾಡಬೇಕಂತೆ.

"ಪ್ರತಿ ಸಲವೂ ಜೊತೇಲಿ ಇರೋರದ್ದು ಒಬ್ಬರ ಹೆಸರು ಬೇಕು. ನಾಲ್ಕು ಗಂಟೆನೂ ಪಕ್ಕದಲ್ಲೇ ಇರ್ಬೇಕು. ಸಂಬಳಕ್ಕೆ ಒಬ್ಬ ಆಯಾನ ಇಟ್ಕೊಂಡ್ರೂ ಆಗತ್ತೆ, ತುಂಬಾ ಜನ ಹಾಗೇ ಮಾಡ್ತಾರೆ. ಯಾರ ಹೆಸರು ಬರೀಲಿ?"

ಆಯಾ ಅಂದ ಕೂಡಲೆ ನನಗೆ ಜೀವ ಬಂತು. ಹೊಸ ಹುದ್ದೆ ಇದೆ, ಕೋಣೆ ನೋಡಿಕೊಳ್ಳಬೇಕು ಅಂತ ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅಕ್ಕ ಸೂಜಿ ಚುಚ್ಚಿರದ ಕೈಯಿಂದ ನನ್ನ ಮಣಿಕಟ್ಟು ಹಿಡಿದಳು. ತಣ್ಣಗಿತ್ತು. ಅಷ್ಟು ಬಲ ಅವಳಲ್ಲಿ ಎಲ್ಲಿ ಉಳಿದಿತ್ತೋ.

"ಇವಳದ್ದೇ ಬರೀರಿ ಸಿಸ್ಟರ್. ನಮ್ಮಿಬ್ಬರಿಗೆ ಬೇರೆ ಯಾರಿದ್ದಾರೆ? ನಾನಿರೋವರೆಗೂ ಇವಳೇ ಬರ್ತಾಳೆ. ಅಲ್ವೇನೇ?"

ನರ್ಸಮ್ಮ ನನ್ನ ಕಡೆ ನೋಡಿದಳು. ಅಕ್ಕನೂ ನೋಡಿದಳು. ಪಕ್ಕದ ಮಂಚದ ಮುದುಕ, "ಇಂಥ ತಂಗಿ ಪಡೆಯೋಕೂ ಪುಣ್ಯ ಬೇಕಮ್ಮಾ" ಎಂದ.

"ಹೂಂ" ಎಂದು ಕಾಗದ ತೆಗೆದುಕೊಂಡು ಸಹಿ ಹಾಕಿದೆ. ಅಕ್ಕ ಅದನ್ನು ತರಿಸಿಕೊಂಡು, ಕಣ್ಣು ಕಿರಿದು ಮಾಡಿ ಸಹಿಯನ್ನು ಓದಿ, ನರ್ಸಮ್ಮನಿಗೆ ವಾಪಸು ಕೊಟ್ಟಳು. ಆಮೇಲೆ ನನ್ನ ಕೈ ಬಿಟ್ಟಳು.

"ಕೂತ್ಕೋ" ಎಂದಳು. "ಇನ್ನೂ ಮೂರು ಗಂಟೆ ಇದೆ."